ಸಣ್ಣ ಮಾಡು

ಮಿಶ್ರಿಫಿನ ವಿಲ್ಲಾದಲ್ಲಿ ನಿನ್ನೆ
ನಲವತ್ತೆರಡು ದೀಪಕ್ಕೆ ವಯರು ಎಳೆದು ಮುಗಿಸಿದೆ.
ಯಜಮಾನ ಫೋನಿನ ಮೇಲೆ ಬೆರಳು ಜಾರಿಸಿದ,
ದಿವಾನಿಯಾ ಪೂರ್ತಿ ಮುಸ್ಸಂಜೆ.
ಇನ್ನೊಮ್ಮೆ ಜಾರಿಸಿದ, ನಡುಮಧ್ಯಾಹ್ನ.
ತಮಾಮ್ ಎಂದ. ನಾನೂ ತಮಾಮ್ ಎಂದೆ,
ಏಣಿ ಮಡಚಿದೆ.

ಅಬ್ಬಾಸಿಯಾದಲ್ಲಿ ನಮ್ಮದು ಒಂದೇ ಕೋಣೆ.
ಪ್ಲೈವುಡ್ಡಿನ ಆಚೆ ತಂಗಚ್ಚನ್ ಸಂಸಾರ.
ಒಂದು ಮಂಚ, ಒಂದು ಸ್ವಿಚ್ಚು,
ತಲೆ ಮೇಲೆ ಹನ್ನೆರಡು ವ್ಯಾಟಿನ ಬೆಳ್ಳನೆ ಬಲ್ಬು.
ಉರಿದರೆ ಪೂರ್ತಿ ಉರಿಯುವುದೊಂದೇ ಅದಕ್ಕೆ ಗೊತ್ತು.
ಆಸ್ಪತ್ರೆಯ ಹಾಗೆ, ಎನ್ನುತ್ತಾಳೆ ಎವ್ಜಿನ್,
ಆಸ್ಪತ್ರೆಯಿಂದಲೇ ಬಂದವಳು.

ಅವಳು ಡ್ಯೂಟಿ ಮುಗಿಸಿ ಬಸ್ಸಿಳಿಯುವಾಗ ಹನ್ನೆರಡೂ ಕಾಲು.
ನನ್ನ ವ್ಯಾನು ನಾಲ್ಕೂವರೆಗೆ;
ಬೇಸಗೆಯಲ್ಲಿ ಬಿಸಿಲಿಗಿಂತ ಮೊದಲು ಕೆಲಸ ಹಿಡಿಯಬೇಕು.
ಅವಳು ಸ್ವಿಚ್ಚೊತ್ತಿದರೆ ನನ್ನ ಕಣ್ಣಿಗೆ ಪೆಟ್ಟು,
ನಾನೊತ್ತಿದರೆ ಅವಳ ಕಣ್ಣಿಗೆ.
ಆದ್ದರಿಂದ ಯಾರೂ ಒತ್ತುವುದಿಲ್ಲ, ಎರಡು ವರ್ಷದಿಂದ.
ಕತ್ತಲಲ್ಲಿ ಅವಳ ಮೊಣಕಾಲು ಕುರ್ಚಿಗೆ ತಾಗುವುದು,
ಅಯ್ಯೋ ಎಂಬುದನ್ನು ಅವಳು ಅರ್ಧಕ್ಕೇ ನುಂಗುವುದು
ನಿದ್ದೆಯಲ್ಲೂ ಕೇಳಿಸುತ್ತದೆ.
ನಾನು ಒಂದು ಕಾಲಿಗೆ ನನ್ನ ಕಾಲುಚೀಲ,
ಇನ್ನೊಂದಕ್ಕೆ ಅವಳ ಗುಲಾಬಿಯದು ಹಾಕಿ ಹೋದ ದಿನ
ಫೋರ್‌ಮನ್ ಸಂಜೆವರೆಗೆ ನಕ್ಕ.

ವಿಲ್ಲಾದ ಹಳೆ ಗೋಡೆಯಿಂದ ಕಿತ್ತ ಡಿಮ್ಮರು,
ಕಸಕ್ಕೆ ಹೋಗುವುದನ್ನು ಕೇಳಿಯೇ ತಂದೆ.
ಶುಕ್ರವಾರ ಕೂರಿಸಿದೆ. ತಿರುಗಿಸಿದೆ.
ಬಲ್ಬು ಶೀಶೆಗೆ ಹಾಕಿದ ದುಂಬಿಯಂತೆ ಗುಂಯ್ ಎಂದಿತು,
ಪಿಳಿಪಿಳಿ ಕಣ್ಣು ಬಿಟ್ಟಿತು,
ಮತ್ತೆ ತಟ್ಟನೆ ಇಲ್ಲ.
"ಎಂದಾ ಅದ್?" ಪ್ಲೈವುಡ್ಡು ಕೇಳಿತು.

ಶಿರ್ವದಲ್ಲಿ ಚಿಮಿಣಿದೀಪದ ಬತ್ತಿ ಇಳಿಸುವಾಗ
ಸಣ್ಣ ಮಾಡು, ಎನ್ನುತ್ತಿದ್ದರು ನಮ್ಮಪ್ಪ.
ಆರಿಸುವಾಗ ಪಕ್ಕದ ಮನೆ ವಾರಿಜಕ್ಕ
ದೊಡ್ಡದು ಮಾಡು, ಎನ್ನುತ್ತಿದ್ದರು,
ಆರಿಸು ಎಂಬ ಮಾತು ಬಾಯಲ್ಲಿ ಬರಬಾರದಂತೆ.
ಎರಡು ಮನೆಯ ಮಧ್ಯೆ ಆಡುತ್ತಿದ್ದ ನನಗೆ
ಬಹಳ ದಿನ ಗೊಂದಲವಿತ್ತು.
ಹಳೆ ಬಲ್ಬೂ ಕುಗ್ಗುವಾಗ ಕೆಂಪಾಗುತ್ತಿತ್ತು,
ಹೋಗುತ್ತೇನೆ ಅಂತ ಹೇಳಿ ಹೋಗುತ್ತಿತ್ತು.
ಇದು ಬೆಳ್ಳಗೇ ಇರುತ್ತದೆ, ಬೆಳ್ಳಗೇ ಹೋಗುತ್ತದೆ.

ಬೇರೆ ಬಲ್ಬು ತಂದೆ, ಒಂದೂವರೆ ದಿನಾರಿನದು,
ಮಬ್ಬಾಗಿಸಬಹುದು ಅಂತ ಡಬ್ಬಿಯ ಮೇಲೇ ಇತ್ತು.
ಗುಂಯ್ ನಿಂತಿತು. ಪಿಳಿಪಿಳಿ ನಿಲ್ಲಲಿಲ್ಲ.
ಆಮೇಲೆ ಹೊಳೆಯಿತು, ಹನ್ನೊಂದು ವರ್ಷ ಇದೇ ಕೆಲಸ ಮಾಡುವವನಿಗೆ:
ಝೂಮರಿಗೆಂದು ಹುಟ್ಟಿದ ಡಿಮ್ಮರು ಅದು.
ನಲವತ್ತು ವ್ಯಾಟಾದರೂ ತೂಕ ಬೇಕು ಅದಕ್ಕೆ
ಎದುರಿಗೆ ಯಾರೋ ಇದ್ದಾರೆಂದು ತಿಳಿಯಲು.
ನಮ್ಮ ಒಂಟಿ ಬಲ್ಬನ್ನು
ಅದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಯಾರದೋ ಹಳೆ ಓವನ್ನಿನೊಳಗಿನ ತಂತಿಬಲ್ಬು,
ನಲವತ್ತು ವ್ಯಾಟು, ಹೆಬ್ಬೆರಳ ಗಾತ್ರ.
ಪಿಂಗಾಣಿ ಹೋಲ್ಡರಿಗೆ ಸಿಕ್ಕಿಸಿ
ಕಿಟಕಿಯ ಮೂಲೆ ಟೈಲಿನ ಮೇಲೆ ಇಟ್ಟೆ,
ಅದೇ ವಯರಿಗೆ, ಎಲ್‌ಇಡಿಯ ಜೊತೆಗೆ.
"ಎಂಥ ಮಾರಾಯಾ," ಎಂದಳು ಎವ್ಜಿನ್,
"ಒಂದನ್ನು ಸಣ್ಣ ಮಾಡಲಿಕ್ಕೆ ಇನ್ನೊಂದು ಹೊತ್ತಿಸುತ್ತೀಯಾ?
ಅದೂ ನಲವತ್ತಾರು ಡಿಗ್ರಿಯಲ್ಲಿ?"
ಉತ್ತರವಿರಲಿಲ್ಲ. ತಿರುಗಿಸಿದೆ.

ಮೇಲಿನದು ಸದ್ದಿಲ್ಲದೆ ಇಳಿಯಿತು,
ಹಾಲಿಗೆ ನೀರು ಬೆರೆಸಿದಂತೆ, ಇನ್ನಷ್ಟು ನೀರು.
ಮೂಲೆಯದು ಕೆಂಡದ ಬಣ್ಣಕ್ಕೆ ಬಂದು
ಅಲ್ಲೇ ಕೂತಿತು.

ಆ ರಾತ್ರಿ ಹನ್ನೆರಡೂ ಕಾಲಿಗೆ
ಕುರ್ಚಿಯ ಸದ್ದಿಲ್ಲ. ನನಗೆ ಎಚ್ಚರವೂ ಆಗಬೇಕಾಗಿರಲಿಲ್ಲ.
ಅರ್ಧ ಕಣ್ಣಲ್ಲಿ ನೋಡಿದೆ:
ನೆಲದ ಮೇಲೆ ಕೂತು ಅಂಗೈಗೆ ಎಂಜಲು ಹಚ್ಚಿ ಉಜ್ಜುತ್ತಿದ್ದಾಳೆ,
ಪೆನ್ನಿನಲ್ಲಿ ಬರೆದ ಬೆಡ್ಡಿನ ನಂಬರುಗಳು,
ಏಳು, ಹದಿನಾಲ್ಕು, ಇನ್ನೊಂದು ಓದಲಾಗಲಿಲ್ಲ.
ಹದಿನಾಲ್ಕನ್ನು ತುಂಬ ಹೊತ್ತು ಉಜ್ಜಿದಳು.
ಕೇಳಬೇಕೆನಿಸಿತು. ಕೇಳಲಿಲ್ಲ.
"ಬೆಳಕು ಜಾಸ್ತಿಯಾ?" ಎಂದಳು, ತಿರುಗದೆಯೇ.
ಇಲ್ಲ ಎಂದೆ.

ನಾಲ್ಕಕ್ಕೆ ನನ್ನ ಸರದಿ.
ಗುಂಡಿಯನ್ನು ಕಾಲು ಸುತ್ತು, ಅಷ್ಟೇ.
ಹೊದಿಕೆಯೊಳಗಿಂದ ನಿದ್ದೆಗಣ್ಣಿನ ಸ್ವರ:
"ಕಾಲುಚೀಲ ನೋಡಿಕೋ."